ಮಹಡಿ ಮನೆಯ ಹೊಸ್ತಿಲು

ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಪಾಠ ಮಾಡಿದವಳು ನಾನು. ಸ್ಟಾಫ್ ರೂಮಿನಲ್ಲಿ ದೆವ್ವದ ಮಾತೋ ಶಕುನದ ಮಾತೋ ಎದ್ದರೆ ಮೊದಲು ನಗುತ್ತಿದ್ದವಳು ನಾನೇ. ಯಾರಾದರೂ ಕಣ್ಣಾರೆ ಕಂಡೆ ಎಂದರೆ ಕನ್ನಡಕದ ನಂಬರು ಎಷ್ಟು ಎಂದು ಕೇಳುತ್ತಿದ್ದೆ. ಹೀಗೆ ಕೇಳಿ ಕೇಳಿ, ಜೊತೆಯ ಮೇಷ್ಟರುಗಳು ನನ್ನೆದುರು ಅಂಥ ಕತೆ ತೆಗೆಯುವುದನ್ನೇ ಬಿಟ್ಟಿದ್ದರು. ಈಗ ನಾನೇ ಅಂಥದೊಂದನ್ನು ಬರೆಯಲು ಕುಳಿತಿದ್ದೇನೆ. ಅವರಲ್ಲಿ ಯಾರಾದರೂ ಇದನ್ನು ಓದಿದರೆ ನನ್ನನ್ನು ಸುಮ್ಮನೆ ಬಿಡುವುದಿಲ್ಲವೆಂದು ಗೊತ್ತು. ಬಿಡಬೇಕಾಗಿಯೂ ಇಲ್ಲ.

ನಮ್ಮ ಮನೆ ಇರುವುದು ಬಿಟಿಎಂ ಲೇಔಟಿನಲ್ಲಿ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಮನೆ ಕಟ್ಟಿಸುವಾಗ ನಮ್ಮ ಮಾವನವರು ಇನ್ನೂ ಇದ್ದರು. ಮುಂಬಾಗಿಲ ತಗ್ಗು ಹೊಸ್ತಿಲು ಸಾಲದು, ಅಡುಗೆಮನೆಗೂ ಹೊಸ್ತಿಲು ಇರಲೇಬೇಕೆಂದು ಹಠ ಹಿಡಿದು ಕೆಳಗೂ ಮೇಲೂ ನಾಲ್ಕು ಬೆರಳು ಎತ್ತರದ ಮರದ ಹೊಸ್ತಿಲು ಹಾಕಿಸಿದರು. ಅದನ್ನು ಎಡವಿ ನನ್ನ ಹೆಬ್ಬೆರಳು ಎಷ್ಟು ಸಲ ಒಡೆದಿದೆಯೋ ದೇವರಿಗೇ ಗೊತ್ತು. ಈ ಹೊಸ್ತಿಲನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಕೆಳಗಿರುವ ಓನರಿಗೆ ಮೇಲಿನವರ ಸಂಸಾರವೆಲ್ಲ ಕಿವಿಯ ಮೂಲಕವೇ ತಿಳಿಯುತ್ತದೆ. ಯಾರು ಎಷ್ಟು ಹೊತ್ತಿಗೆ ಎದ್ದರು, ಯಾವ ಕುರ್ಚಿ ಎಳೆದರು, ಗ್ರೈಂಡರು ಹಾಕಿದರೋ ಮಿಕ್ಸಿ ಹಾಕಿದರೋ, ಎಲ್ಲವೂ ತಲೆಯ ಮೇಲೆಯೇ ನಡೆಯುತ್ತದೆ. ತೊಂಬತ್ತೇಳರಲ್ಲಿ ಗದಗದ ಕಡೆಯ ಗಿರಿಜಾ ಮತ್ತು ಶಿವಾನಂದ ಬಾಡಿಗೆಗೆ ಬಂದರು. ಶಿವಾನಂದ ಒಂದು ಕೊರಿಯರ್ ಆಫೀಸಿನಲ್ಲಿ ಕೆಲಸಕ್ಕಿದ್ದರು. ಬಂದ ಮಾರನೆಯ ಬೆಳಗ್ಗೆ ಆರು ಗಂಟೆಗೇ ಮೇಲೆ ಪಟಪಟ ಸದ್ದು ಶುರುವಾಯಿತು. ಇಷ್ಟು ಬೇಗ ಬಟ್ಟೆ ಒಗೆಯುವವರು ಯಾರಪ್ಪ ಎಂದು ಜಗಳಕ್ಕೇ ತಯಾರಾಗಿ ಮೆಟ್ಟಿಲು ಹತ್ತಿದೆ. ಗಿರಿಜಾ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಎರಡು ಬಿಸಿ ರೊಟ್ಟಿ, ಅದರ ಮೇಲೆ ಬದನೆಕಾಯಿ ಎಣ್ಣೆಗಾಯಿ ಹಾಕಿ ನನ್ನ ಕೈಗೆ ಕೊಟ್ಟಳು. ದೂರು ಅಲ್ಲಿಗೇ ಮುಗಿಯಿತು.

ಅವರ ಕಡೆ ಶಾಲೆಯಲ್ಲಿ ಪಾಠ ಹೇಳುವ ಹೆಂಗಸನ್ನು ‘ಅಕ್ಕಾರ’ ಎನ್ನುತ್ತಾರೆ. ನಾನು ಅವಳಿಗೆ ಅಕ್ಕಾರ ಆದೆ. ಅವಳು ಲಿಂಗಾಯತರ ಹುಡುಗಿ. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಸ್ನಾನವಾದ ಮೇಲೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡದೆ ನೀರೂ ಕುಡಿಯುತ್ತಿರಲಿಲ್ಲ. ಬಾಯಿ ತುಂಬ ದೇವರ ಹೆಸರು ಹೇಳುವ ಪೈಕಿಯಲ್ಲ. ಕೇಳಿದರೆ ಹೇಳುತ್ತಿದ್ದಳು, ಇಲ್ಲದಿದ್ದರೆ ತನ್ನ ಪಾಡಿಗೆ ತಾನು. ನಾನು ಸ್ವಲ್ಪ ರೇಗಿಸುತ್ತಿದ್ದೆ, ಅವಳು ನಗುತ್ತಿದ್ದಳು.

ಮರುವರ್ಷ ಗಿರಿಜಾ ಬಸುರಿಯಾದಳು. ಐದನೇ ತಿಂಗಳಿಗೆ ಬೀಳುವ ಹೊತ್ತಿಗೆ ಸ್ಕ್ಯಾನಿಂಗ್ ಮಾಡಿಸಲು ಹೇಳಿದರು. ಶಿವಾನಂದನಿಗೆ ರಜೆ ಸಿಗದೆ ನಾನೇ ಅವಳನ್ನು ಆಟೋದಲ್ಲಿ ಜಯನಗರಕ್ಕೆ ಕರೆದುಕೊಂಡು ಹೋದೆ. ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರು ಪರದೆಯನ್ನು ನಮ್ಮ ಕಡೆಗೂ ತಿರುಗಿಸಿದರು. ಮಗುವಿನ ಬೆನ್ನುಮೂಳೆಯ ಕೆಳಭಾಗ ಸರಿಯಾಗಿ ಮುಚ್ಚಿಕೊಂಡಿರಲಿಲ್ಲ. ಹುಟ್ಟಿದ ಕೂಡಲೇ ಆಪರೇಷನ್ ಬೇಕಾಗುತ್ತದೆ, ಕಾಲುಗಳಲ್ಲಿ ಶಕ್ತಿ ಬರುವುದು ಕಷ್ಟ, ನಡೆಯುವ ಭರವಸೆ ಕೊಡಲಾರೆ, ಮೂತ್ರದ ತೊಂದರೆ ಬದುಕಿರುವವರೆಗೂ ಇರಬಹುದು ಎಂದು ಆಕೆ ಸಮಾಧಾನದಿಂದ, ಒಂದೊಂದಾಗಿ ಹೇಳಿದರು. ತೆಗೆಸುವುದಾದರೆ ಕಾನೂನಿನ ಪ್ರಕಾರ ಇಪ್ಪತ್ತು ವಾರ ದಾಟಬಾರದು. ಗಿರಿಜಾಗೆ ಆಗಲೇ ಹತ್ತೊಂಬತ್ತು ನಡೆಯುತ್ತಿತ್ತು.

ಮನೆಗೆ ಬಂದು, ಹತ್ತನೇ ಕ್ಲಾಸಿನ ಮಕ್ಕಳಿಗೆ ಬರೆದು ತೋರಿಸುವ ಹಾಗೆ, ಹಾಳೆಯ ಮೇಲೆ ಬೆನ್ನುಹುರಿಯ ಚಿತ್ರ ಬರೆದು ಅವಳಿಗೆ ವಿವರಿಸಿದೆ. ಎಲ್ಲಿ ತೆರೆದಿದೆ, ಅದರಿಂದ ಏನಾಗುತ್ತದೆ, ಯಾಕೆ ನಡೆಯಲಾಗದು. ಆಮೇಲೆ ನನ್ನ ಅಭಿಪ್ರಾಯವನ್ನೂ ಹೇಳಿದೆ. ತೆಗೆಸುವುದೇ ಒಳ್ಳೆಯದು, ನಿನಗಿನ್ನೂ ಇಪ್ಪತ್ನಾಲ್ಕು, ಇನ್ನೊಂದು ಮಗುವಾಗುತ್ತದೆ ಎಂದೆ. ನಾನು ಕೆಟ್ಟದ್ದು ಹೇಳಿದೆನೆಂದು ಆಗಲೂ ಅನಿಸಲಿಲ್ಲ, ಈಗಲೂ ಪೂರ್ತಿ ಅನಿಸುವುದಿಲ್ಲ. ನಮ್ಮ ಶಾಲೆಯ ಒಬ್ಬ ಟೀಚರಿಗೆ ಹೀಗೇ ಆದಾಗ ಅವರು ತೆಗೆಸಿಕೊಂಡರು. ಅವತ್ತು ಅವರ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಿದ್ದವಳೂ ನಾನೇ. ಅವರ ಸಂಕಟವೇನೂ ಚಿಕ್ಕದಾಗಿರಲಿಲ್ಲ.

ಗಿರಿಜಾ ಹಾಳೆಯನ್ನು ಮಡಿಸಿಟ್ಟುಕೊಂಡು ಮೇಲೆ ಹೋದಳು. ಮೂರು ದಿನ ನನಗೆ ರೊಟ್ಟಿಯ ಸದ್ದು ಕೇಳಲಿಲ್ಲ. ಊರಿನಿಂದ ಅವಳ ಅತ್ತೆ ಫೋನು ಮಾಡಿ, ಮೊದಲ ಮಗುವೇ ಹೀಗಾದರೆ ಮನೆತನಕ್ಕೆ ಕಷ್ಟ, ತೆಗೆಸಿಬಿಡಿ ಎಂದರಂತೆ. ಶಿವಾನಂದ ಕಂಗಾಲಾಗಿದ್ದರು. ಮೆಟ್ಟಿಲ ಹತ್ತಿರ ಸಿಕ್ಕಾಗ ಏನು ಮಾಡೋಣ ಎಂದು ನನ್ನನ್ನೇ ಕೇಳಿದರು, ನಾನು ಹೇಳಿದ್ದನ್ನೇ ಮತ್ತೆ ಹೇಳಿದೆ. ಕೊನೆಗೆ ಶನಿವಾರ ಬೆಳಗ್ಗೆ ಇಬ್ಬರೂ ನರ್ಸಿಂಗ್ ಹೋಮಿಗೆ ಹೊರಟರು. ಎರಡು ದಿನಕ್ಕಾಗುವಷ್ಟು ಬಟ್ಟೆ ಇದ್ದ ಚೀಲ ಶಿವಾನಂದನ ಕೈಯಲ್ಲಿತ್ತು. ಗಿರಿಜಾ ಬೀಗದ ಕೈಯನ್ನು ನನಗೆ ಕೊಟ್ಟಳು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಶನಿವಾರ ನಮ್ಮ ಶಾಲೆಗೆ ಅರ್ಧ ದಿನ. ಊಟ ಮುಗಿಸಿ, ಹಾಲಿನಲ್ಲಿ ಡೈನಿಂಗ್ ಟೇಬಲ್ಲಿನ ಮೇಲೆ ಟೆಸ್ಟ್ ಪೇಪರು ಹರಡಿಕೊಂಡು ತಿದ್ದುತ್ತಾ ಕೂತಿದ್ದೆ. ನಮ್ಮವರು ಬ್ಯಾಂಕಿನಿಂದ ಇನ್ನೂ ಬಂದಿರಲಿಲ್ಲ. ಸುಮಾರು ಮೂರು ಗಂಟೆ. ಒಳ್ಳೆಯ ಬಿಸಿಲು.

ಮೇಲಿನ ಮನೆಯ ಮುಂಬಾಗಿಲ ಕಡೆಯಿಂದ ಒಂದು ಸದ್ದು ಶುರುವಾಯಿತು. ಟಕ್, ಟಕ್, ಆಮೇಲೆ ಏನನ್ನೋ ನೆಲದ ಮೇಲೆ ಎಳೆದಂತೆ ಸರ್. ಮತ್ತೆ ಟಕ್, ಟಕ್, ಸರ್. ನಿಧಾನವಾಗಿ, ಒಂದೇ ಲಯದಲ್ಲಿ, ಅದು ನನ್ನ ತಲೆಯ ಮೇಲಿಂದ ಹಾದು ಅಡುಗೆಮನೆಯ ಕಡೆ ಹೋಯಿತು. ಅಡುಗೆಮನೆಯ ಬಾಗಿಲು ಬರುವ ಜಾಗದಲ್ಲಿ ನಿಂತಿತು. ಬೇಗಬೇಗ ಎರಡು ಸಲ ಟಕ್ ಟಕ್ ಎಂದಿತು. ಕೊಂಚ ಹೊತ್ತು ಏನೂ ಇಲ್ಲ. ಆಮೇಲೆ ಧಡ್ ಎಂದು ಭಾರವಾದದ್ದೇನೋ ನೆಲಕ್ಕೆ ಊರಿದ ಸದ್ದು. ಮತ್ತೆ ಎರಡು ಮೂರು ಸಲ ಟಕ್, ಟಕ್, ಸರ್. ಒಲೆ ಇರುವ ಕಡೆ ಹೋಗಿ ಅದು ಸುಮ್ಮನಾಯಿತು.

ಇವರು ವಾಪಸು ಬಂದುಬಿಟ್ಟರು ಎಂದುಕೊಂಡೆ. ಆಮೇಲೆ ಬೀಗದ ಕೈ ನನ್ನ ಸೊಂಟದಲ್ಲೇ ಇದೆಯೆಂದು ನೆನಪಾಯಿತು. ಕಳ್ಳನಿರಬೇಕು ಎಂದು ಕೈಗೆ ಸಿಕ್ಕಿದ ಪೊರಕೆ ಹಿಡಿದು ಮೇಲೆ ಹತ್ತಿದೆ. ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ತೆಗೆದು ಒಳಗೆ ಹೋದೆ. ಮಂಚ, ಟ್ರಂಕು, ಊರಿನಿಂದ ತಂದ ಜೋಳದ ಚೀಲ, ಒಲೆಯ ಮೇಲೆ ಬೋರಲು ಹಾಕಿದ ಹಂಚು. ಇಲಿ ಇಲ್ಲ, ಬೆಕ್ಕು ಇಲ್ಲ, ಕಿಟಕಿಗಳೆಲ್ಲ ಮುಚ್ಚಿದ್ದವು. ಬೀಗ ಹಾಕಿ ಕೆಳಗೆ ಬಂದು ಪೆನ್ನು ಹಿಡಿದೆ. ಹತ್ತು ನಿಮಿಷವೂ ಆಗಿರಲಿಲ್ಲ, ಅದೇ ಸದ್ದು ಮತ್ತೆ ಮೊದಲಿನಿಂದ ಕೊನೆಯವರೆಗೆ ಕೇಳಿತು. ಒಂದು ಸಂಗತಿ ಆಗಲೇ ವಿಚಿತ್ರವೆನಿಸಿತ್ತು. ಸದ್ದು ಖಾಲಿ ಮನೆಯಲ್ಲಿ ಮೊಳಗುವ ಹಾಗೆ ಮೊಳಗುತ್ತಿತ್ತು. ಆದರೆ ಮೇಲಿನ ಮನೆಯ ತುಂಬ ಸಾಮಾನಿತ್ತು, ನಾನೇ ಈಗ ನೋಡಿ ಬಂದಿದ್ದೆ. ಎರಡನೇ ಸಲ ಮೇಲೆ ಹೋಗಲು ನನಗೆ ಧೈರ್ಯವಾಗಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ, ಹೆದರಿದ್ದೆ.

ಐದು ಗಂಟೆಗೆ ಗೇಟಿನ ಮುಂದೆ ಆಟೋ ನಿಂತಿತು. ಗಿರಿಜಾ ಇಳಿದು, ಬೀಗದ ಕೈ ಕೇಳಲು ಬಂದವಳು ನಮ್ಮ ಬಾಗಿಲ ಮೆಟ್ಟಿಲ ಮೇಲೇ ಕೂತುಬಿಟ್ಟಳು. ಶಿವಾನಂದ ಚೀಲ ಹಿಡಿದು ಗೇಟಿನ ಹತ್ತಿರವೇ ನಿಂತಿದ್ದರು. ಅವಳ ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು, ಆಗಬೇಕಾದ್ದು ಆಗಿಲ್ಲ.

ಅಲ್ಲಿ ಬಟ್ಟೆ ಬದಲಾಯಿಸಿ, ಮೈಮೇಲಿರುವ ಒಡವೆಯೆಲ್ಲ ತೆಗೆದು ಮನೆಯವರ ಕೈಗೆ ಕೊಡಿ ಎಂದು ನರ್ಸು ಹೇಳಿದಳಂತೆ. ಗಿರಿಜಾ ಬಳೆ ತೆಗೆದಳು, ತಾಳಿ ತೆಗೆದಳು. ಕರಡಿಗೆಯ ದಾರಕ್ಕೆ ಕೈ ಹಾಕಿ ನಿಂತುಬಿಟ್ಟಳು. ನರ್ಸು ಪಾಪ ಒಳ್ಳೆಯವಳು, ತೆಗೆಯಲಾಗದಿದ್ದರೆ ಕೈಯಲ್ಲಿ ಹಿಡಿದುಕೊಳ್ಳಿ ಎಂದಳು. ಆದರೆ ಅಷ್ಟರಲ್ಲಿ ಗಿರಿಜಾ ಬೇರೆಯೇ ಯೋಚನೆಗೆ ಬಿದ್ದಿದ್ದಳು. ಅವರಲ್ಲಿ ಎಂಟನೇ ತಿಂಗಳಲ್ಲಿ ಹೊಟ್ಟೆಯಲ್ಲಿರುವ ಮಗುವಿಗೇ ಲಿಂಗ ಕಟ್ಟುವ ಪದ್ಧತಿಯಿದೆ. ಮಗುವಿನ ಪಾಲಿನ ಪುಟ್ಟ ಲಿಂಗವನ್ನು ತಾಯಿ ಧರಿಸಿರುತ್ತಾಳೆ, ಹುಟ್ಟಿದ ಮೇಲೆ ಅದು ಮಗುವಿನದು.

“ನನ್ನ ಲಿಂಗ ನಾ ಸತ್ತರೂ ತಗಿಯೂದಿಲ್ರಿ ಅಕ್ಕಾರ, ಸಂಗಾಟನ ಮಣ್ಣಾಗ ಇಡತಾರ,” ಎಂದಳು. “ಇದಕ್ಕ ಇನ್ನೂ ಕಟ್ಟೇ ಇಲ್ಲ. ಕಟ್ಟೂಕಿಂತ ಮೊದಲ ಕಳಿಸಿಬಿಡೂದು ನನ್ನ ಕೈಲೆ ಆಗಲಿಲ್ರಿ.”

ಬಳೆ ತಾಳಿ ಮತ್ತೆ ಹಾಕಿಕೊಂಡು ಹೊರಗೆ ಬಂದಳಂತೆ. ಡಾಕ್ಟರು ಬೈಯಲಿಲ್ಲ, ಮುಂದೆ ಎಲ್ಲಿ ತೋರಿಸಬೇಕು ಎಂದು ಬರೆದುಕೊಟ್ಟರು.

ನನಗೆ ಸಿಟ್ಟು ಬಂತು. ಮಧ್ಯಾಹ್ನದ ಹೆದರಿಕೆಯೂ ಅದರಲ್ಲಿ ಸೇರಿತ್ತೋ ಏನೋ. “ನಾಳೆ ಆ ಮಗೂನ ಯಾರು ನೋಡ್ಕೋತಾರೆ ಗಿರಿಜಾ? ನಿನ್ನ ಲಿಂಗ ನೋಡ್ಕೊಳ್ಳುತ್ತಾ?” ಎಂದುಬಿಟ್ಟೆ.

ಅವಳಿಗೆ ಕೋಪ ಬರಲಿಲ್ಲ. “ನೋಡ್ಕೊಳ್ಳಾಕ ನಾನ ಅದೀನಲ್ರಿ,” ಎಂದು ಕೈ ಚಾಚಿ ಬೀಗದ ಕೈ ತೆಗೆದುಕೊಂಡು ಮೇಲೆ ಹೋದಳು. ಸಂಜೆ ಏಳಕ್ಕೆ ರೊಟ್ಟಿ ಬಡಿಯುವ ಸದ್ದು ಕೇಳಿತು.

ಅವಳು ನರ್ಸಿಂಗ್ ಹೋಮಿನಿಂದ ಎದ್ದ ಹೊತ್ತಿಗೇ ಇಲ್ಲಿ ಆ ಸದ್ದು ಕೇಳಿತೇ ಎಂದು ನೀವು ಕೇಳಬಹುದು. ಗೊತ್ತಿಲ್ಲ. ಅವಳ ಕೈಯಲ್ಲಿ ವಾಚಿರಲಿಲ್ಲ, ನಮ್ಮ ಗಡಿಯಾರ ಯಾವಾಗಲೂ ಮುಂದೆ ಓಡುತ್ತಿತ್ತು. ಸದ್ದಿನ ವಿಷಯ ಅವಳಿಗೆ ಹೇಳಲೂ ಇಲ್ಲ. ನಮ್ಮವರು ಬಂದ ಮೇಲೆ ಅವರಿಗೆ ಹೇಳಿದೆ. ಟೇಬಲ್ಲಿನ ಮೇಲೆ ಬೆರಳಿನ ಗೆಣ್ಣಿನಿಂದ ಟಕ್, ಟಕ್ ಎಂದು ಬಡಿದು, ಅಂಗೈಯಿಂದ ಸರ್ ಎಂದು ಎಳೆದು, ನಡುವೆ ನಿಂತದ್ದು, ಧಡ್ ಎಂದದ್ದು, ಎಲ್ಲ ಮಾಡಿ ತೋರಿಸಿದೆ. ಅವರು ಗಂಭೀರವಾಗಿ ಕೇಳಿ, ಪೈಪಿನಲ್ಲಿ ಗಾಳಿ ತುಂಬಿದೆ ಎಂದರು. ನನಗೆ ಎಷ್ಟು ಹಾಯೆನಿಸಿತೆಂದರೆ ಮರುದಿನವೇ ಪದ್ಮನಾಭನಗರದಿಂದ ಪ್ಲಂಬರನ್ನು ಕರೆಸಿದೆವು. ಅವನ ಮುಂದೆಯೂ ಟೇಬಲ್ಲು ಬಡಿದು ತೋರಿಸಿದೆ. ಅವನು ತಲೆಯಾಡಿಸಿ, ಸಂಪಿನಿಂದ ಟ್ಯಾಂಕಿನವರೆಗೆ ಪೈಪು ಪೂರ್ತಿ ಬದಲಾಯಿಸಿ ಹೋದ. ಆಮೇಲೆ ಆ ಸದ್ದು ಕೇಳಲಿಲ್ಲ. ಇನ್ನೇನು ಬೇಕು? ಏಳು ವರ್ಷ ನಾನು ನಿಶ್ಚಿಂತೆಯಿಂದ ಇದ್ದೆ.

ಎಂಟನೇ ತಿಂಗಳಲ್ಲಿ ಊರಿನಿಂದ ಅವರ ಗುರುಗಳಾದ ಅಯ್ಯನವರು ಬಂದು ಲಿಂಗ ಕಟ್ಟಿದರು. ನಾನೂ ಮೇಲೆ ಹೋಗಿ ಮೂಲೆಯಲ್ಲಿ ಕೂತಿದ್ದೆ. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾದ ಲಿಂಗ, ಬಿಳಿಯ ಬಟ್ಟೆಯಲ್ಲಿ ಸುತ್ತಿದ್ದು. ನಾನು ಹಾಳೆಯ ಮೇಲೆ ಚಿತ್ರ ಬರೆದು ವಿವರಿಸಿದ್ದ ಆ ಬೆನ್ನುಹುರಿಯ ಮಗುವನ್ನು ಅಯ್ಯನವರು ಎದುರಿಗೇ ಕೂತಿದೆ ಎಂಬಂತೆ ಮಾತಾಡಿಸಿದರು. ಅದನ್ನು ನೋಡಿ ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಅದಕ್ಕೂ ಕಾರಣ ಹುಡುಕಿಕೊಂಡೆ, ಧೂಪದ ಹೊಗೆ ಎಂದು.

ಹೆಣ್ಣುಮಗು ಹುಟ್ಟಿತು. ಸ್ಕ್ಯಾನಿನಲ್ಲಿ ಕಂಡದ್ದು ಕಂಡ ಹಾಗೇ ಇತ್ತು, ಯಾವ ಪವಾಡವೂ ಆಗಲಿಲ್ಲ. ಮೂರನೇ ದಿನ ಬೆನ್ನಿನ ಆಪರೇಷನ್ನು, ಆಮೇಲೆ ಇನ್ನೊಂದು, ಮತ್ತೆ ಮತ್ತೆ ಜ್ವರ. ಹೆಸರು ನೀಲಮ್ಮ, ಕರೆಯುವುದು ನೀಲಾ. ಅವಳನ್ನು ಎತ್ತಿಕೊಂಡು ಗಿರಿಜಾ ಎರಡು ಬಸ್ಸು ಬದಲಾಯಿಸಿ ಆಸ್ಪತ್ರೆಗೆ ಹೋಗುತ್ತಿದ್ದುದನ್ನು ನೋಡಿದ್ದೇನೆ. ಆರನೇ ಕ್ಲಾಸಿಗೇ ಓದು ಬಿಟ್ಟವಳು ಕಾಲಿನ ವ್ಯಾಯಾಮ, ಮೂತ್ರದ ಟ್ಯೂಬು ಹಾಕುವುದು, ಎಲ್ಲವನ್ನೂ ನರ್ಸಿಗಿಂತ ಚೊಕ್ಕವಾಗಿ ಕಲಿತಳು. ನಗುನಗುತ್ತ ಮಾಡಿದಳೆಂದು ಸುಳ್ಳು ಹೇಳುವುದಿಲ್ಲ. ಎರಡನೇ ಆಪರೇಷನ್ನಿನ ಮರುದಿನ ಆಸ್ಪತ್ರೆಗೆ ಊಟ ತೆಗೆದುಕೊಂಡು ಹೋದಾಗ ಅವಳ ಕಣ್ಣುಗಳು ಊದಿದ್ದವು. ಪೂಜೆ ಆಯಿತಾ ಎಂದು ಕೇಳಿದೆ. “ಪೂಜಾ ಅಷ್ಟ ಮಾಡೀನ್ರಿ,” ಎಂದಳು. “ಮಾತಾಡಿಲ್ಲ.” ಗಂಡನ ಮೇಲೆ ಮುನಿಸಿಕೊಂಡರೂ ಊಟಕ್ಕೆ ಬಡಿಸುವ ಹಾಗೆ. ದೇವರನ್ನು ನಂಬುವವರ ಬಗ್ಗೆ ನನಗಿದ್ದ ಹಗುರ ಭಾವನೆ ಅವತ್ತು ಹೋಯಿತು. ನನ್ನ ಅಪನಂಬಿಕೆ ಅಲ್ಲೇ ಇದ್ದರೂ ಅವಳ ಮೇಲೆ ನನಗೆ ಹುಟ್ಟಿದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

ಮಗುವನ್ನು ಹೊತ್ತು ಮೆಟ್ಟಿಲು ಹತ್ತಿ ಇಳಿಯುವುದು ಕಷ್ಟವಾಗಿ, ನೀಲಾಗೆ ಒಂದು ವರ್ಷ ತುಂಬುವ ಮೊದಲೇ ಅವರು ಬಿಳೇಕಹಳ್ಳಿಯಲ್ಲಿ ನೆಲಮಟ್ಟದ ಮನೆ ಮಾಡಿದರು. ಆಮೇಲೆ ನಾನೇ ಆಗಾಗ ಹೋಗುತ್ತಿದ್ದೆ. ಮೊದಲು ನೀಲಾ ತೆವಳುತ್ತಿದ್ದಳು. ಮೊದಮೊದಲು ಮಗುವಿನ ಮುಖ ನೋಡಲೂ ಅಳುಕುತ್ತಿದ್ದ ಶಿವಾನಂದ ಹಿತ್ತಲಲ್ಲಿ ಬಿದಿರು ಕಟ್ಟಿ, ಹಿಡಿದುಕೊಂಡು ನಿಲ್ಲಲು ಅವಳಿಗೆ ಕಂಬಿ ಮಾಡಿಕೊಟ್ಟಿದ್ದರು. ಎರಡು ಸಾವಿರದ ಐದರಲ್ಲಿ ನನ್ನ ಮಂಡಿನೋವು ಜೋರಾಗಿ ಬಹಳ ತಿಂಗಳು ಹೋಗಲಾಗಲಿಲ್ಲ. ಅಷ್ಟರಲ್ಲಿ ಒಂದು ಭಾನುವಾರ ಅವರೇ ನಮ್ಮ ಮನೆಗೆ ಬಂದರು. ಶಿವಾನಂದನಿಗೆ ಅವತ್ತೂ ಆಫೀಸಿತ್ತು, ತಾಯಿ ಮಗಳು ಇಬ್ಬರೇ.

ಆಟೋದಿಂದ ನೀಲಾ ತಾನೇ ಇಳಿದಳು. ಎರಡೂ ಕಾಲಿಗೆ ಕಬ್ಬಿಣದ ಪಟ್ಟಿಯ ಕ್ಯಾಲಿಪರು, ಎರಡೂ ಕೈಯಲ್ಲಿ ಊರುಗೋಲು. ಗೇಟಿನಿಂದ ಬಾಗಿಲವರೆಗೆ ಮಣ್ಣಿನ ದಾರಿಯಲ್ಲಿ ಒಂದೊಂದೇ ಹೆಜ್ಜೆ ಇಟ್ಟು ಬಂದು, ಬೆವೆತ ಮುಖ ಒರೆಸಿಕೊಂಡು, “ನಡಕೋತ ಬಂದೆ ನೋಡ್ರಿ ಅಕ್ಕಾರ,” ಎಂದಳು. ನಾನು ಅತ್ತುಬಿಟ್ಟೆ.

ಅವಳಿಗೆ ತಾನು ಹೊಟ್ಟೆಯಲ್ಲಿದ್ದಾಗ ಅವ್ವ ಇದ್ದ ಮನೆ ನೋಡಬೇಕಿತ್ತು. ಮೇಲಿನ ಮನೆ ಆ ವಾರವಷ್ಟೇ ಖಾಲಿಯಾಗಿ ಸುಣ್ಣ ಬಣ್ಣವಾಗಿತ್ತು. ಬೀಗದ ಕೈ ಕೊಟ್ಟೆ. ಎತ್ತಿಕೊಳ್ಳಲಾ ಎಂದು ಗಿರಿಜಾ ಕೇಳಿದರೆ ಬೇಡವೆಂದು, ಕಂಬಿ ಹಿಡಿದು ತಾನೇ ಹತ್ತಿದಳು. ಹದಿನೆಂಟು ಮೆಟ್ಟಿಲಿಗೆ ಕಾಲು ಗಂಟೆ ಹಿಡಿದಿರಬೇಕು. ನಾನು ಮಂಡಿನೋವಿನವಳು, ಕಾಫಿಗೆ ಹಾಲಿಡುತ್ತೇನೆಂದು ಕೆಳಗೇ ಉಳಿದೆ.

ಮೇಲೆ ಬಾಗಿಲು ತೆರೆದ ಸದ್ದಾಯಿತು. ಆಮೇಲೆ ಟಕ್, ಟಕ್, ಸರ್.

ಕೈಯಲ್ಲಿದ್ದ ಹಾಲಿನ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು ಡೈನಿಂಗ್ ಟೇಬಲ್ಲಿನ ಹತ್ತಿರ ಬಂದೆ. ಖಾಲಿ ಮನೆಯಲ್ಲಿ ಮೊಳಗುತ್ತಾ ಅದು ನನ್ನ ತಲೆಯ ಮೇಲಿಂದ ಹಾದು ಅಡುಗೆಮನೆಯ ಕಡೆ ಹೋಯಿತು. ಬಾಗಿಲಲ್ಲಿ ನಿಂತಿತು. ಮಾವನವರ ಹೊಸ್ತಿಲು. ಮೊದಲು ಊರುಗೋಲೆರಡನ್ನೂ ಬೇಗಬೇಗ ಆಚೆಗೆ ಊರಿದಳು, ಟಕ್ ಟಕ್. ಕೊಂಚ ಹೊತ್ತು ಏನೂ ಇಲ್ಲ. ಆಮೇಲೆ ಕಬ್ಬಿಣ ಕಟ್ಟಿದ ಕಾಲನ್ನು ಎತ್ತಿ ದಾಟಿಸಿ ಇಟ್ಟಳು, ಧಡ್.

ಏಳು ವರ್ಷದ ಹಿಂದಿನ ಸದ್ದು ಇದೇ ಎಂದು ಹೇಗೆ ಹೇಳುತ್ತೀರಿ, ನೆನಪು ತನಗೆ ಬೇಕಾದ ಹಾಗೆ ತಿದ್ದಿಕೊಳ್ಳುವುದಿಲ್ಲವೇ ಎಂದು ನೀವು ಕೇಳುವುದು ನ್ಯಾಯ. ಬೇರೆಯವರು ಹೇಳಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಆದರೆ ಅಷ್ಟರಲ್ಲಿ ರೂಮಿನೊಳಗಿನಿಂದ ನಮ್ಮವರು ಪೇಪರು ಹಿಡಿದುಕೊಂಡು ಹೊರಗೆ ಬಂದರು. ಅವರು ಊಟವಾದ ಮೇಲೆ ಮಲಗಿದ್ದವರು, ಗಿರಿಜಾ ಬಂದದ್ದೂ ಅವರಿಗೆ ತಿಳಿದಿರಲಿಲ್ಲ. ಅಸಲಿ ಸದ್ದನ್ನು ಅವರು ಒಮ್ಮೆಯೂ ಕೇಳಿದವರಲ್ಲ, ನಾನು ಟೇಬಲ್ಲು ಬಡಿದು ತೋರಿಸಿದ್ದನ್ನು ಮಾತ್ರ ಕೇಳಿದ್ದವರು. ತಾರಸಿಯ ಕಡೆ ತಲೆಯೆತ್ತಿ, “ಏನೇ ಇದು, ಪೈಪು ಮತ್ತೆ ಕೆಟ್ಟೋಯ್ತಾ?” ಎಂದರು.

ನೀಲಾ ಇಳಿಯುವಾಗ ಊರುಗೋಲನ್ನು ಅವ್ವನ ಕೈಗೆ ಕೊಟ್ಟು, ಒಂದೊಂದೇ ಮೆಟ್ಟಿಲ ಮೇಲೆ ಕೂತು ಜಾರುತ್ತಾ ಬಂದಳು. ಕೂತ ಮೇಲೆ, ನಿಮ್ಮ ಹೊಸ್ತಿಲ ಭಾಳ ಎತ್ತರ ಐತ್ರಿ ಎಂದು ದೂರು ಹೇಳಿದಳು. ನಮ್ಮವರು ಅವಳಿಗೆ ಪೇಪರಿನಲ್ಲಿ ಚಿತ್ರ ತೋರಿಸುತ್ತಿದ್ದಾಗ ನಾನು ಗಿರಿಜಾಳನ್ನು ಅಡುಗೆಮನೆಗೆ ಕರೆದು ಎಲ್ಲವನ್ನೂ ಹೇಳಿದೆ. ಆ ಶನಿವಾರ, ಬೀಗ, ಸದ್ದು, ಪ್ಲಂಬರು. ಅವತ್ತೇ ನಿನಗೆ ಹೇಳಬೇಕಿತ್ತು, ಅಷ್ಟು ವರ್ಷ ನೀನು ಒಬ್ಬಳೇ ಹೆದರಿಕೊಂಡು ಇರುವುದು ತಪ್ಪುತ್ತಿತ್ತು ಎಂದೆ.

ಅವಳು ಬೆರಗಾಗುತ್ತಾಳೆ, ಕೈ ಮುಗಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಕಾಫಿ ಲೋಟಗಳನ್ನು ತಟ್ಟೆಯಲ್ಲಿ ಜೋಡಿಸಿದಳು.

“ಹೇಳದಿದ್ದದ್ದ ಚಲೋ ಆತ್ರಿ ಅಕ್ಕಾರ,” ಎಂದಳು. “ಹೇಳಿದ್ದರ, ಮುಂದ ನಡೀತಾಳ ಅಂತ ಅಕಿನ್ನ ಇಟಗೊಂಡಂಗ ಆಗತಿತ್ತು. ನಡಿಯೂದಿಲ್ಲ ಅಂತ ತಿಳಕೊಂಡನ ನಾ ಅಕಿನ್ನ ಮನಿಗೆ ಕರಕೊಂಡ ಬಂದಿದ್ದೆ.”

ತಟ್ಟೆ ಎತ್ತಿಕೊಂಡು ಹಾಲಿಗೆ ಹೋದಳು.

ಇದಾಗಿ ಬಹಳ ವರ್ಷಗಳಾದವು. ಮೇಲಿನ ಮನೆಯ ಆ ಹೊಸ್ತಿಲನ್ನು ಮುಂದಿನ ವಾರವೇ ಬಡಗಿಯನ್ನು ಕರೆಸಿ ಕೀಳಿಸಿದೆ, ಕೆಳಗಿನದನ್ನೂ ಕೀಳಿಸಿದೆ. ಮಾವನವರು ಕ್ಷಮಿಸಲಿ. ನೀರಿನ ಪೈಪು ಪ್ಲಂಬರು ಹಾಕಿದ್ದೇ ಇದೆ, ಒಂದು ದಿನವೂ ಸದ್ದು ಮಾಡಿಲ್ಲ. ಆ ಶನಿವಾರ ನಾನು ಕೇಳಿದ್ದು ಏನೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಿದೆ ಎನ್ನುವವರ ಮಾತು ನನಗೆ ಹಿಡಿಸುವುದೂ ಇಲ್ಲ. ನನಗೆ ಅರ್ಥವಾಗದೆ ಉಳಿದಿರುವುದು ಇನ್ನೊಂದು. ನರ್ಸಿಂಗ್ ಹೋಮಿನಲ್ಲಿ ಕರಡಿಗೆ ಹಿಡಿದು ನಿಂತಿದ್ದ ಗಿರಿಜಾಗೆ ಯಾವ ಸದ್ದೂ ಕೇಳಲಿಲ್ಲ, ಕೇಳದೆಯೇ ಎದ್ದು ಬಂದಳು. ಎರಡೆರಡು ಸಲ ಕೇಳಿದ್ದು ಆ ಮಗು ಬೇಡವೆಂದು ಹೇಳಿ ಕಳಿಸಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಳಗೆ ಕೂತಿದ್ದ ನನಗೆ.